ಹಿಡಿ ಅಕ್ಕಿಯ ಲೆಕ್ಕ: ಮಿಜೋರಾಮ್ ಮತ್ತು ಗಡಿ ದಾಟಿ ಬಂದವರು

2021ರ ಫೆಬ್ರವರಿ 1ರಂದು ಮ್ಯಾನ್ಮಾರ್‌ನಲ್ಲಿ ಸೇನೆಯು ಅಧಿಕಾರ ಕಸಿದುಕೊಂಡ ಸುದ್ದಿ ಮಹಾನಗರಗಳಲ್ಲಿ ನಾಲ್ಕು ದಿನ ಓದಿಸಿಕೊಂಡು ಮರೆಯಾಯಿತು. ಈಶಾನ್ಯದ ಪುಟ್ಟ ರಾಜ್ಯ ಮಿಜೋರಾಮಿಗೆ ಮಾತ್ರ ಅದು ಇಂದಿಗೂ ಮನೆಯೊಳಗಿನ ಸುದ್ದಿ. ಆ ರಾಜ್ಯಕ್ಕೆ ಮ್ಯಾನ್ಮಾರ್ ಜತೆ 510 ಕಿ.ಮೀ. ಗಡಿಯಿದೆ. ಝೋಖಾವ್ತಾರ್ ಎಂಬ ಊರಿನ ಬಳಿ ಎರಡು ದೇಶಗಳ ನಡುವೆ ಇರುವುದು ತಿಯಾವ್ ಎಂಬ ಒಂದು ಸಣ್ಣ ನದಿ. ಸೇನೆಯ ಗುಂಡು, ಬಾಂಬುಗಳಿಗೆ ಹೆದರಿದ ಚಿನ್ ಜನರು ಗಂಟುಮೂಟೆಯೊಂದಿಗೆ ಆ ನದಿಯನ್ನು ದಾಟಿ ಬಂದರು.

ಕೇಂದ್ರ ಗೃಹ ಸಚಿವಾಲಯವು 2021ರ ಮಾರ್ಚ್ 10ರಂದು ಗಡಿ ರಾಜ್ಯಗಳಿಗೆ ಪತ್ರ ಬರೆದು, ಒಳನುಸುಳುವಿಕೆಯನ್ನು ತಡೆಯಬೇಕೆಂದೂ, ಯಾರಿಗೂ ನಿರಾಶ್ರಿತರೆಂಬ ಸ್ಥಾನಮಾನ ನೀಡುವ ಅಧಿಕಾರ ರಾಜ್ಯಗಳಿಗಿಲ್ಲವೆಂದೂ ನೆನಪಿಸಿತು. ಕಾನೂನಿನ ದೃಷ್ಟಿಯಿಂದ ಇದರಲ್ಲಿ ತಪ್ಪಿಲ್ಲ. 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ. ನೆರೆಯ ಮಣಿಪುರ ಸರಕಾರವಂತೂ ಬಂದವರಿಗೆ ಅನ್ನ, ಆಶ್ರಯದ ಶಿಬಿರ ತೆರೆಯಬಾರದೆಂದು ಆದೇಶಿಸಿ, ಟೀಕೆ ಕೇಳಿಬಂದೊಡನೆ ಅದನ್ನು ಹಿಂತೆಗೆದುಕೊಂಡಿತು. ಆದರೆ ಮಿಜೋರಾಮಿನ ಅಂದಿನ ಮುಖ್ಯಮಂತ್ರಿ ಝೋರಾಮ್‌ತಂಗಾ ಅವರು ಪ್ರಧಾನಿಗೆ ನೇರವಾಗಿ ಪತ್ರ ಬರೆದು, ಈ ಸೂಚನೆ ತಮ್ಮ ರಾಜ್ಯಕ್ಕೆ ಒಪ್ಪಿಗೆಯಾಗದು ಎಂದರು.

ಅವರ ಹಿಂದೆ ಯಾರಿದ್ದರು? ಚರ್ಚುಗಳಿದ್ದವು ಮತ್ತು 1935ರಲ್ಲಿ ಸ್ಥಾಪನೆಯಾದ ಯಂಗ್ ಮಿಜೋ ಅಸೋಸಿಯೇಷನ್ ಇತ್ತು. 2011ರ ಜನಗಣತಿಯಂತೆ ಮಿಜೋರಾಮಿನ ಜನಸಂಖ್ಯೆ ಸುಮಾರು 11 ಲಕ್ಷ, ಅದರಲ್ಲಿ ಶೇ. 87 ಮಂದಿ ಕ್ರೈಸ್ತರು. ಗಡಿಯಾಚೆಯ ಚಿನ್ ಜನರೂ ಬಹುಪಾಲು ಕ್ರೈಸ್ತರೇ. ಈಚೆಗೆ 1894ರಲ್ಲಿ ಲೊರೇನ್ ಮತ್ತು ಸ್ಯಾವಿಜ್ ಎಂಬಿಬ್ಬರು ಮಿಷನರಿಗಳು ಬಂದರೆ, ಆಚೆಗೆ 1899ರಲ್ಲಿ ಅಮೆರಿಕನ್ ಬ್ಯಾಪ್ಟಿಸ್ಟರು ಬಂದರು. ಬೆಟ್ಟಸಾಲು ಒಂದೇ, ಜನರ ಮೂಲ ಒಂದೇ. ನಡುವಿನ ಗೆರೆಯನ್ನು ಎಳೆದವರು ಬ್ರಿಟಿಷರು.

ಸಂಘ-ಸಂಸ್ಥೆ ನಡೆಸಿದವರಿಗೆ ವಂತಿಗೆ ಎತ್ತುವ ಕಷ್ಟ ಹೇಳಬೇಕಾಗಿಲ್ಲ. ಮಿಜೋರಾಮಿನ ಚರ್ಚುಗಳಲ್ಲಿ ಇದಕ್ಕೊಂದು ಹಳೆಯ ಉಪಾಯವಿದೆ. ಹೆಸರು 'ಬುಹ್‌ಫೈ ಥಾಮ್', ಅಂದರೆ ಹಿಡಿ ಅಕ್ಕಿ. ಮನೆಯೊಡತಿ ಪ್ರತಿ ಸಲ ಅನ್ನಕ್ಕಿಡುವಾಗ ಒಂದು ಹಿಡಿ ಅಕ್ಕಿಯನ್ನು ಬೇರೆ ತೆಗೆದಿಡುತ್ತಾಳೆ. ಅದನ್ನು ಮಹಿಳೆಯರು ಮನೆಮನೆಯಿಂದ ಸಂಗ್ರಹಿಸುತ್ತಾರೆ, ಮಾರಿ ಬಂದ ಹಣ ಚರ್ಚಿನ ಕೆಲಸಕ್ಕೆ. 1910ರಲ್ಲಿ ಆರಂಭವಾದ ಈ ಪದ್ಧತಿ ಇಂದಿಗೂ ನಿಂತಿಲ್ಲ. ಬಡವರ ಮನೆಯಿಂದಲೂ ಕೊಡುಗೆ ಬರುವುದರಿಂದ, ಕೊಡುವುದೆಂದರೆ ಶ್ರೀಮಂತರ ಕೆಲಸವೆಂಬ ಭಾವನೆಗೆ ಅಲ್ಲಿ ಎಡೆಯೇ ಇಲ್ಲ. ಇಂತಹ ಅಭ್ಯಾಸವಿದ್ದ ಸಮಾಜಕ್ಕೆ ಅಕ್ಕಿ, ತರಕಾರಿ, ಹೊದಿಕೆ, ಬಿದಿರು ಕೂಡಿಹಾಕಿ ಶಿಬಿರ ಕಟ್ಟಲು ಸರಕಾರಿ ಸುತ್ತೋಲೆ ಬೇಕಾಗಲಿಲ್ಲ. 2021ರಲ್ಲಿಯೇ ನಿರಾಶ್ರಿತರ ಮಕ್ಕಳನ್ನು ಶಾಲೆಗಳಿಗೆ ಸೇರಿಸಿಕೊಳ್ಳುವಂತೆ ರಾಜ್ಯದ ಶಿಕ್ಷಣ ಇಲಾಖೆ ಸೂಚಿಸಿತು.

ಮುಂದೆ ಭಾರ ಹೆಚ್ಚಿತು. 2022ರ ನವೆಂಬರಿನಿಂದ ಬಾಂಗ್ಲಾದೇಶದ ಗುಡ್ಡಗಾಡಿನ ಬಾಮ್ ಜನರು ಬಂದರು. 2023ರ ಮೇ ತಿಂಗಳಲ್ಲಿ ಮಣಿಪುರ ಹೊತ್ತಿ ಉರಿದಾಗ ಅಲ್ಲಿಂದ 12 ಸಾವಿರಕ್ಕೂ ಹೆಚ್ಚು ಕುಕಿ-ಝೋ ಜನ ಬಂದರು. ಎಲ್ಲ ಸೇರಿ 40 ಸಾವಿರ ದಾಟಿತು. ರಾಜ್ಯದ 25 ಮಂದಿಗೆ ಒಬ್ಬ ಅತಿಥಿ ಎಂದಂತಾಯಿತು. ಇದೇ ಲೆಕ್ಕವನ್ನು ಮುಂಬಯಿಗೆ ಹಾಕಿದರೆ ಸುಮಾರು 5 ಲಕ್ಷ ಜನರನ್ನು ಕೂರಿಸಿ ಉಣಿಸಿದಂತೆ.

ಹಾಗೆಂದು ಇದನ್ನು ಕೇವಲ ಧರ್ಮದ ಮಹಿಮೆ ಎಂದು ಹೊಗಳಿ ಮುಗಿಸುವುದು ಸರಿಯಲ್ಲ. 1966ರ ಮಾರ್ಚಿನಲ್ಲಿ ಮಿಜೋ ಬಂಡಾಯವನ್ನು ಹತ್ತಿಕ್ಕಲು ಐಜಾಲಿನ ಮೇಲೆ ವಾಯುಪಡೆ ದಾಳಿ ನಡೆದಾಗ ಬರ್ಮಾದತ್ತ ಓಡಿದವರು ಇದೇ ಮಿಜೋಗಳು. ಝೋರಾಮ್‌ತಂಗಾ ಅವರೇ ಲಾಲ್‌ಡೆಂಗಾ ಜತೆ ಭೂಗತರಾಗಿದ್ದವರು. ಹೀಗಾಗಿ ಹಳೆಯ ಋಣವೂ ಇದೆ, ರಕ್ತಸಂಬಂಧವೂ ಇದೆ. ಆ ಸಂಬಂಧವಿಲ್ಲದ ಕಡೆ ಬಾಗಿಲು ಇಷ್ಟು ಅಗಲವಾಗಿ ತೆರೆದಿರಲಿಲ್ಲ. 1997ರಲ್ಲಿ ಇದೇ ರಾಜ್ಯದ ಬ್ರೂ ಬುಡಕಟ್ಟಿನ 30 ಸಾವಿರದಷ್ಟು ಮಂದಿ ಜನಾಂಗೀಯ ಘರ್ಷಣೆಗೆ ಬೆದರಿ ತ್ರಿಪುರಾಕ್ಕೆ ಓಡಿದರು. ಅವರನ್ನು ಅಲ್ಲಿಯೇ ನೆಲೆಗೊಳಿಸುವ ಒಪ್ಪಂದವಾಗಲು 2020ರ ಜನವರಿ ಬರಬೇಕಾಯಿತು. ರಕ್ತಸಂಬಂಧವೂ ಎಲ್ಲ ಕಾಲಕ್ಕೆ ಕಾಯಲಿಲ್ಲ. 2003ರಲ್ಲಿ ಬರ್ಮಾದವನೊಬ್ಬನ ಮೇಲೆ ಅತ್ಯಾಚಾರದ ಆರೋಪ ಬಂದಾಗ, ಇದೇ ಅಸೋಸಿಯೇಷನ್ನಿನ ಶಾಖೆಗಳು ಸಾವಿರಾರು ಚಿನ್ ಜನರನ್ನು ಹೊರಗಟ್ಟಿದ್ದವು. ಒಬ್ಬನ ತಪ್ಪಿಗೆ ಊರಿಗೂರೇ ಗಡಿಪಾರು! ಪರಊರಿನಲ್ಲಿ ಬದುಕು ಕಟ್ಟಿಕೊಂಡ ಯಾರಿಗೂ ಈ ಮಾತು ಚುಚ್ಚದೆ ಇರದು.

ಇನ್ನೊಂದು ಹೋಲಿಕೆ ಗಮನಾರ್ಹ. 1960ರ ದಶಕದ ಆರಂಭದಲ್ಲಿ ಅಂದಿನ ಮೈಸೂರು ರಾಜ್ಯವು ಬೈಲಕುಪ್ಪೆಯಲ್ಲಿ ಟಿಬೆಟನ್ನರಿಗೆ ಭೂಮಿ ಕೊಟ್ಟಾಗ ಕೇಂದ್ರವೇ ಬೆನ್ನಿಗಿತ್ತು. ಮಿಜೋರಾಮಿನ ಅತಿಥಿಗಳಿಗೆ ಅಂತಹ ಭೂಮಿಯೂ ಇಲ್ಲ, ಕಾಗದವೂ ಇಲ್ಲ.

ದಾನಕ್ಕೂ ದಣಿವುಂಟು. ದಿನಗೂಲಿಗೆ ಪೈಪೋಟಿ, ಗಡಿಯಲ್ಲಿ ಮಾದಕ ವಸ್ತುಗಳ ಸಾಗಾಟ ಇವು ಸ್ಥಳೀಯರ ದೂರುಗಳು. ಗಡಿವಾಸಿಗಳು 16 ಕಿ.ಮೀ.ವರೆಗೆ ಓಡಾಡಲು ಇದ್ದ ಅವಕಾಶವನ್ನು ರದ್ದುಪಡಿಸುವುದಾಗಿ ಕೇಂದ್ರ 2024ರ ಫೆಬ್ರವರಿಯಲ್ಲಿ ಘೋಷಿಸಿದಾಗ ಮಿಜೋರಾಮ್ ವಿಧಾನಸಭೆ ವಿರೋಧಿ ನಿರ್ಣಯ ಅಂಗೀಕರಿಸಿತು. ಅದೇ ವರ್ಷದ ಕೊನೆಗೆ ಮಿತಿ 10 ಕಿ.ಮೀ.ಗೆ ಇಳಿದು, ಪಾಸ್ ಕಡ್ಡಾಯವಾಯಿತು. ನಿರಾಶ್ರಿತರ ಬೆರಳಚ್ಚು ದಾಖಲಿಸಲು 2023ರಲ್ಲಿ ಒಲ್ಲೆನೆಂದಿದ್ದ ರಾಜ್ಯ, ಈಗಿನ ಮುಖ್ಯಮಂತ್ರಿ ಲಾಲ್‌ದುಹೋಮಾ ಅವರ ಆಡಳಿತದಲ್ಲಿ 2025ರ ಜುಲೈಯಲ್ಲಿ ಆ ಕೆಲಸ ಆರಂಭಿಸಿತು. ಅದೇ ತಿಂಗಳು ಗಡಿಯಾಚೆ ಚಿನ್ ಪಡೆಗಳೇ ತಮ್ಮೊಳಗೆ ಕಾದಾಡಿದಾಗ ಸಾವಿರಾರು ಮಂದಿ ಮತ್ತೆ ತಿಯಾವ್ ದಾಟಿ ಝೋಖಾವ್ತಾರ್‌ಗೆ ಬಂದರು.