ಕ್ಯಾಬ್ ಓಡಿಸುವುದು ನೌಕರಿಯೆ, ಬಿಡುವಿನ ದುಡಿಮೆಯೆ?

ಬೆಂಗಳೂರಿನಲ್ಲಿ ಓಲಾ, ಉಬರ್ ಕಾರು ಹತ್ತಿ ಡ್ರೈವರ್‌ನ ಊರು ಕೇಳಿದರೆ ಮಂಡ್ಯ ಜಿಲ್ಲೆಯ ಹೆಸರು ಕಿವಿಗೆ ಬೀಳುವುದು ಅಪರೂಪವಲ್ಲ. ನಾಗಮಂಗಲ, ಕೆ.ಆರ್. ಪೇಟೆಯ ಮಳೆ ನಂಬಿದ ಹೊಲಗಳಿಂದ ಹುಡುಗರು ಹೋಗಿದ್ದಾರೆ. ಪಾಂಡವಪುರ, ಶ್ರೀರಂಗಪಟ್ಟಣದ ನಾಲೆ ಬಯಲಿನಿಂದಲೂ ಹೋಗಿದ್ದಾರೆ. 2023ರಂತೆ ಕೆಆರ್‌ಎಸ್ ಜಲಾಶಯ ತುಂಬದ ವರ್ಷ ಗದ್ದೆಯಿದ್ದವನೂ ಕೈ ಚೆಲ್ಲಬೇಕಾಗುತ್ತದೆ. ಇವರ ದುಡಿಮೆಯನ್ನು ಪೂರ್ಣಾವಧಿ ನೌಕರಿ ಎಂದು ಕಾನೂನು ಒಪ್ಪಬೇಕೆ?

ಬೇಡ ಎನ್ನುವವರ ಮಾತಿನಲ್ಲಿ ಹುರುಳಿದೆ. ರಾಗಿ ಬಿತ್ತನೆಗೆ, ಕಬ್ಬಿನ ಕಟಾವಿಗೆ, ಮೇಲುಕೋಟೆಯ ವೈರಮುಡಿ ಉತ್ಸವಕ್ಕೆ ಚಾಲಕ ಯಾರ ಅಪ್ಪಣೆಯೂ ಇಲ್ಲದೆ ಊರಿಗೆ ಬರಬಹುದು. ರಜೆ ಚೀಟಿ ಬರೆಯುವ ನೌಕರಿಯಲ್ಲಿ ಜಮೀನು ಬೀಳು ಬೀಳುತ್ತದೆ. ಪಿಎಫ್‌ಗೆಂದು ಶೇ 12 ಮುರಿದುಕೊಂಡರೆ ಈ ತಿಂಗಳ ಕಾರು ಸಾಲದ ಕಂತಿಗೇ ಕೊರತೆ. ಇನ್ನೊಂದು ತೊಡಕೂ ಇದೆ: ಎರಡು ಮೂರು ಆ್ಯಪ್ ತೆರೆದಿಟ್ಟುಕೊಂಡು ಮೊದಲು ಬಂದ ಬಾಡಿಗೆ ಹಿಡಿಯುವವನು ಯಾವ ಕಂಪನಿಯ ನೌಕರ? ರಂಗನತಿಟ್ಟು, ದರಿಯಾ ದೌಲತ್ ನೋಡಬಂದ ಪ್ರವಾಸಿಗರನ್ನು ನಂಬಿ ಸೀಸನ್‌ನಲ್ಲಷ್ಟೇ ಗಾಡಿ ತೆಗೆಯುವವನಿಗಂತೂ ಈ ಚರ್ಚೆಯೇ ಬೇಕಿಲ್ಲ.

ಆದರೆ ಸಾಲ ಮಾಡಿ ಹಳದಿ ಬೋರ್ಡ್ ಕಾರು ತೆಗೆದವನ ಸ್ಥಿತಿ ಬೇರೆ. ಕಂತು, ಇನ್ಶೂರೆನ್ಸ್, ಎಫ್‌ಸಿ ಯಾವುದೂ ಅವನ ಬಿತ್ತನೆಗೆ ಕಾಯುವುದಿಲ್ಲ. ಎರಡು ತಿಂಗಳು ಕಂತು ತಪ್ಪಿದರೆ ಫೈನಾನ್ಸ್‌ನವರು ಗಾಡಿ ಸೀಜ್ ಮಾಡುವ ಭಯ. ಸ್ವಂತ ವ್ಯಾಪಾರ ಮಾಡುವವನು ತನ್ನ ದರ ತಾನೇ ಹೇಳುತ್ತಾನೆ. ಇಲ್ಲಿ ದರ ಹೇಳುವುದು ಆ್ಯಪ್, ಇನ್ಸೆಂಟಿವ್ ಕೂಡ ಅದರ ಕೈಯಲ್ಲೇ. ಇನ್ಸೆಂಟಿವ್ ಇಳಿದಾಗ 2017ರ ಫೆಬ್ರವರಿಯಲ್ಲಿ ಬೆಂಗಳೂರಿನ ಚಾಲಕರು ಮುಷ್ಕರಕ್ಕೆ ಇಳಿದದ್ದು ಇದಕ್ಕೇ. ದಿನಕ್ಕೆ 12 ಗಂಟೆಗಿಂತ ಹೆಚ್ಚು ಲಾಗಿನ್ ಇರಬಾರದೆಂದು ಕೇಂದ್ರದ 2020ರ ಮಾರ್ಗಸೂಚಿ ಹೇಳಿತು. ಬಿಡುವಿನ ಕೆಲಸವಾಗಿದ್ದರೆ ಇಂಥ ಮಿತಿ ಹಾಕುವ ಪ್ರಮೇಯವೇ ಬರುತ್ತಿರಲಿಲ್ಲ.

2021ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಉಬರ್ ಚಾಲಕರ ಪರ ತೀರ್ಪು ಕೊಟ್ಟಿತು: ಆ್ಯಪ್ ಆನ್ ಮಾಡಿ ಬಾಡಿಗೆಗೆ ಸಿದ್ಧನಿರುವ ಹೊತ್ತೆಲ್ಲ ದುಡಿಮೆಯೇ, ಅದಕ್ಕೆ ಕನಿಷ್ಠ ವೇತನವೂ ರಜೆಯ ಸಂಬಳವೂ ಸಲ್ಲಬೇಕು. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆ ಅಷ್ಟು ದೂರ ಹೋಗಿಲ್ಲ. ಚಾಲಕನಿಗೆ ಸಲ್ಲುವ ಹಣದ ಲೆಕ್ಕದಲ್ಲಿ ಪ್ರತಿ ಬಾಡಿಗೆಗೂ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು. ಕೆಲಸದಿಂದ ತೆಗೆಯುವುದಾದರೆ ಕಾರಣ ತಿಳಿಸಿ 14 ದಿನ ಮೊದಲೇ ನೋಟಿಸ್ ಕೊಡಬೇಕು. ನೌಕರ ಎಂಬ ಹೆಸರು ಮಾತ್ರ ಕೊಟ್ಟಿಲ್ಲ.

ನನಗೆ ಈ ಕಾಯ್ದೆಯಲ್ಲಿ ಮುಖ್ಯವಾಗಿ ಕಾಣುವುದು ಎಲ್ಲ ಆ್ಯಪ್‌ಗಳಿಗೂ ಸಲ್ಲುವ ಒಂದೇ ಗುರುತು ಸಂಖ್ಯೆ. ಯಾವ ಕಂಪನಿಯ ನೌಕರ ಎಂಬ ತೊಡಕಿಗೆ ಉತ್ತರ ಹುಡುಕಲು ಅದರಿಂದ ಸಾಧ್ಯ: ಎಲ್ಲ ಆ್ಯಪ್‌ಗಳ ಗಂಟೆಗಳನ್ನು ಕೂಡಿಸಿ, ಆಯಾ ಕಂಪನಿಯಿಂದ ಅದರ ಪಾಲು ವಸೂಲು ಮಾಡಬಹುದು. ತಿಂಗಳ ಬಹುಪಾಲು ದಿನ ಓಡಿಸುವವನನ್ನು ಪೂರ್ಣಾವಧಿ ಕಾರ್ಮಿಕ ಎಂದೇ ಎಣಿಸಬೇಕು. ಅವನಿಗೆ ಗಂಟೆಗಿಷ್ಟೆಂಬ ಕನಿಷ್ಠ ಗಳಿಕೆ, ಇಎಸ್‌ಐಯಂಥ ಚಿಕಿತ್ಸೆಯ ಆಸರೆ ಸಿಗಬೇಕು. ಬಿತ್ತನೆಗೆ ಊರಿಗೆ ಹೋದವನ ಐಡಿ ಬ್ಲಾಕ್ ಮಾಡುವ ಹಕ್ಕು ಯಾರಿಗೂ ಇರಬಾರದು. ಈ ಭದ್ರತೆ, ಊರಿಗೆ ಹೋಗುವ ಸ್ವಾತಂತ್ರ್ಯ ಎರಡನ್ನೂ ಒಟ್ಟಿಗೆ ಕೊಡುವ ನಿಯಮವನ್ನು ಸರ್ಕಾರ ಬರೆಯಲಿ. ಮಂಡ್ಯದ ಶಾಸಕರು ಅದನ್ನು ಸದನದಲ್ಲಿ ಕೇಳಲಿ.