ತೋನ್ಸೆಪಾರ್ ಎನ್ನಲು ನಾಲಿಗೆ ತೊದಲುವುದೇಕೆ?

ಕನ್ನಡದ ಹುಡುಗರೇ,

ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯಲ್ಲಿ ದೇವರಾಯಸಮುದ್ರ ಎಂಬ ಊರಿದೆ. ಸುತ್ತ ಬಂಡೆಗುಡ್ಡ. ಕಡಲು ನೂರಾರು ಕಿಲೋಮೀಟರ್ ದೂರ. ಆದರೂ ಹೆಸರು ಸಮುದ್ರ! ಮಳೆನೀರು ಹಿಡಿದಿಟ್ಟ ದೊಡ್ಡ ಕೆರೆಯನ್ನು ಸಮುದ್ರವೆಂದು ಕರೆದ ಗತ್ತು ನಮ್ಮ ಹಿರಿಯರದು. ಕಡಲಿಲ್ಲದ ಸೀಮೆಯಲ್ಲಿ ಅವರು ಸಮುದ್ರವೆಂದು ಹೆಸರಿಟ್ಟರು. ನಾವೋ, ನಿಜವಾದ ಕಡಲಿನಲ್ಲಿರುವ ಹೆಸರನ್ನೂ ಕಳೆದುಕೊಂಡು ಕೂತಿದ್ದೇವೆ.

ಉಡುಪಿಯ ಮಲ್ಪೆಯಿಂದ ದೋಣಿ ಹತ್ತಿ ಹೋಗುವ ದ್ವೀಪವನ್ನು ಏನೆಂದು ಕರೆಯುತ್ತೀರಿ? ‘ಸೇಂಟ್ ಮೇರಿಸ್ ಐಲ್ಯಾಂಡ್’ ತಾನೇ? 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಳಿದು ಆ ಹೆಸರಿಟ್ಟನೆಂದು ಪ್ರತೀತಿ. ಮೇರಿ ಮಾತೆಯ ಮೇಲೆ ನಮಗೆ ಸಿಟ್ಟಿಲ್ಲ. ಸಿಟ್ಟು ನಮ್ಮ ಮರೆವಿನ ಮೇಲೆ! ಆ ನೆಲಕ್ಕೆ ಕರಾವಳಿಯ ಜನರ ಬಾಯಲ್ಲಿ ತೋನ್ಸೆಪಾರ್ ಎಂಬ ಹೆಸರಿದೆ. ಬಂದು ಹೋದವನ ಹೆಸರು ಉಳಿಯಿತು. ಇಲ್ಲೇ ಇದ್ದವರ ಹೆಸರು ಬೆಂಗಳೂರಿನ ಎಷ್ಟು ಹುಡುಗರಿಗೆ ಗೊತ್ತು?

ಹೋಗಲಿ, ಆ ಕಲ್ಲಿನ ಕತೆಯಾದರೂ ಗೊತ್ತೇ? ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುವ ಕಾಲದಲ್ಲಿ ಉಕ್ಕಿದ ಲಾವಾ ಅದು. ತಣಿಯುತ್ತ ಕುಗ್ಗಿ, ಒಣಗಿದ ಕೆರೆಯ ಕೆಸರಿನಂತೆ ಬಿರಿದು, ಐದು ಮೂಲೆ ಆರು ಮೂಲೆಯ ಕಂಬಗಳಾಗಿ ನಿಂತಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಅಂಥ ಸ್ಮಾರಕ ನಮಗೆ ಬರೀ ಸೆಲ್ಫಿ ತೆಗೆಯುವ ಕಟ್ಟೆ!

ಉತ್ತರ ಐರ್ಲೆಂಡಿನ ಕಡಲಂಚಿನಲ್ಲೂ ಇಂಥ ಸುಮಾರು 40,000 ಕಂಬಗಳಿವೆ. ಹೆಸರು ಜಯಂಟ್ಸ್ ಕಾಸ್‌ವೇ. 1986ರಲ್ಲೇ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಲ್ಲಿ ಬಣ್ಣಬಣ್ಣದ ಗುರುತು ಹಾಕಿದ ಕಾಲುದಾರಿಗಳಿವೆ. ಫಿನ್ ಮಕೂಲ್ ಎಂಬ ದೈತ್ಯ ಸ್ಕಾಟ್ಲೆಂಡಿಗೆ ಹೋಗಲು ಹಾಸಿದ ಕಲ್ಲುದಾರಿ ಇದು ಎಂಬ ಜನಪದ ಕತೆಯನ್ನು ಆ ಜನ ಬಿಟ್ಟಿಲ್ಲ. ಒಂದು ಕೈಯಲ್ಲಿ ವಿಜ್ಞಾನ, ಇನ್ನೊಂದು ಕೈಯಲ್ಲಿ ಕತೆ. ನಮಗೇನು ಬರಗಾಲ ಸ್ವಾಮಿ?

ಘನ ಸರ್ಕಾರಕ್ಕೆ ನಮ್ಮ ಒತ್ತಾಯ ಇಷ್ಟೇ. ತೋನ್ಸೆಪಾರ್ ಎಂಬ ಹೆಸರು ದೊಡ್ಡಕ್ಷರದಲ್ಲಿ ಮೊದಲಿರಲಿ. ನಡೆಯುವ ದಾರಿಯುದ್ದಕ್ಕೂ ಕಲ್ಲಿನ ಕತೆ ಕನ್ನಡದಲ್ಲಿರಲಿ, ಪಕ್ಕದಲ್ಲಿ ತುಳುವೂ ಇರಲಿ. ಕಂಬಗಳನ್ನು ತುಳಿಯದಂತೆ ಕಾಲುದಾರಿಗೆ ಗುರುತಿರಲಿ.

ಗೆಳೆಯರೇ, ಸರ್ಕಾರ ಏಳುವವರೆಗೆ ಕಾಯಬೇಡಿ. ಮಳೆಗಾಲದಲ್ಲಿ ದೋಣಿ ನಿಲ್ಲುತ್ತದೆ. ಅದು ಕಳೆದ ಮೇಲೆ ಮಲ್ಪೆಗೆ ಹೋಗಿ, ದೋಣಿಯವರನ್ನು ಗಟ್ಟಿ ದನಿಯಲ್ಲಿ ಕೇಳಿ: ‘ತೋನ್ಸೆಪಾರ್‌ಗೆ ಎಷ್ಟು?’