ಗಂಟೆಗೆ ಒಂಬತ್ತು ರೂಪಾಯಿಯ ಅವ್ವ

ಶವಪೆಟ್ಟಿಗೆ ಬಂದರೆ ಏನು ಮಾಡಬೇಕೆಂದು ನಮಗೆ ಚೆನ್ನಾಗಿ ಗೊತ್ತು. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮದಡಿ ದಿನಗಟ್ಟಲೆ ಹೂತಿದ್ದು, ಜೀವಂತ ಸಿಕ್ಕು, ದಿಲ್ಲಿಯಲ್ಲಿ ಪ್ರಾಣಬಿಟ್ಟ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರ ದೇಹ ಬಂದಾಗ ಧಾರವಾಡ ಸೀಮೆಗೆ ಸೀಮೆಯೇ ನೆರೆದಿತ್ತು. ಆ ಕಣ್ಣೀರು ಸುಳ್ಳಲ್ಲ. ನನ್ನ ಸಿಟ್ಟು ಬೇರೆ ಕಡೆಗಿದೆ. ಸಾಯದೆ ಬಂದವನ ಮನೆಯ ಮುಂದೆ ನಾವು ಯಾಕೆ ನೆರೆಯುವುದಿಲ್ಲ?

ಬೆನ್ನುಹುರಿಗೆ ಗುಂಡು ತಾಗಿದವನನ್ನು, ತಲೆಗೆ ಬಾಂಬಿನ ಚೂರು ಹೊಕ್ಕವನನ್ನು ಸೇನೆಯ ಡಾಕ್ಟರರು ಉಳಿಸುತ್ತಾರೆ. ಅವರ ಕೈಗಳಿಗೆ ನನ್ನ ಶರಣು. ಆಮೇಲೆ ಡಿಸ್ಚಾರ್ಜ್. ಮದುವೆಯಾಗದ ಹುಡುಗನಾದರೆ ಅಲ್ಲಿಂದ ಮುಂದೆ ಅವ್ವ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ ಬೆಡ್‌ಸೋರ್ ಎದ್ದು ಎಲುಬಿನವರೆಗೂ ಕೊಳೆಯುತ್ತದೆ. ರಾತ್ರಿಯೂ ಅಷ್ಟೇ. ಯೂರಿನ್ ಬ್ಯಾಗಿನ ಬಣ್ಣ ನೋಡಿಯೇ ಸೋಂಕು ಪತ್ತೆಹಚ್ಚಬೇಕು. ಗ್ಲೌಸ್ ಹಾಕಿ ಮಲ ತೆಗೆಯಬೇಕು. ಗಂಟಲಿಗೆ ತೂತು ಕೊರೆದಿದ್ದರೆ ಕಫ ಎಳೆಯುವ ಮಿಷನ್ ನಡೆಸಬೇಕು. ಕರೆಂಟು ಹೋದರೆ ಆ ಮಿಷನ್ನಿಗೂ ಏರ್‌ಬೆಡ್ಡಿಗೂ ಗತಿಯಿಲ್ಲ, ನಮ್ಮ ಹಳ್ಳಿಗಳ ಕರೆಂಟಿನ ಕಥೆಯನ್ನು ನಾನು ಹೇಳಬೇಕಿಲ್ಲ. ಪೆಟ್ಟು ಮಿದುಳಿಗಾಗಿದ್ದರೆ ಇನ್ನೊಂದು ನರಕ: ಮಗ ಬೈಯುತ್ತಾನೆ, ಬಾಯಿಗಿಟ್ಟ ತುತ್ತು ಉಗಿಯುತ್ತಾನೆ, ಒಂದೊಂದು ದಿನ ಅವಳನ್ನೇ ‘ನೀ ಯಾರ್ಬೇ’ ಅನ್ನುತ್ತಾನೆ. ಆಸ್ಪತ್ರೆಯಲ್ಲಾದರೆ ಮೂರು ಪಾಳಿಗೆ ಮೂವರು ನರ್ಸ್. ಮನೆಯಲ್ಲಿ ಮೂರೂ ಪಾಳಿಗೆ ಇವಳೊಬ್ಬಳೇ.

ಇದಕ್ಕೆ ಸರ್ಕಾರ ಕಟ್ಟಿದ ಬೆಲೆ ಗೊತ್ತೇ? ನೂರಕ್ಕೆ ನೂರು ಊನವಾಗಿ, ಸದಾ ಒಬ್ಬರು ಬೇಕೇ ಬೇಕೆಂದು ಮೆಡಿಕಲ್ ಬೋರ್ಡ್ ಬರೆದರೆ ಮಗನ ಪಿಂಚಣಿಯ ಜೊತೆ ನಿರಂತರ ಪರಿಚಾರಕ ಭತ್ಯೆ ಬರುತ್ತದೆ. ಏಳನೇ ವೇತನ ಆಯೋಗದ ನಂತರ, 2017ರ ಜುಲೈಯಿಂದ, ಅದನ್ನು ತಿಂಗಳಿಗೆ 6,750 ರೂಪಾಯಿ ಎಂದು ಗೊತ್ತುಮಾಡಿದರು. ದಿನಕ್ಕೆ 225. ಗಂಟೆಗೆ ಒಂಬತ್ತು ರೂಪಾಯಿ ಚಿಲ್ಲರೆ. ತುಟ್ಟಿಭತ್ಯೆ ಶೇ. 50 ಮುಟ್ಟಿದಾಗ ಕಾಲುಭಾಗ ಏರುತ್ತದೆಂಬ ಷರತ್ತಿದೆ. ಏರಿದರೂ ದಿನಕ್ಕೆ ಮುನ್ನೂರು ದಾಟುವುದಿಲ್ಲ. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ 370. ಕೆರೆ ಹೂಳೆತ್ತುವವಳು ಸಂಜೆ ಮನೆಗಾದರೂ ಹೋಗುತ್ತಾಳೆ. ಭತ್ಯೆಯ ಈ ಹಣವೂ ಅವ್ವನ ಹೆಸರಿಗಲ್ಲ, ಮಗನ ಖಾತೆಗೆ. ಮಗ ಇನ್ನೂ ಬದುಕಿದ್ದಾನೆಂದು ಪ್ರತಿ ನವೆಂಬರ್‌ನಲ್ಲಿ ರುಜುವಾತು ಕೊಡಿಸುವ ಓಡಾಟ ಮಾತ್ರ ಅವಳದು.

ಇಷ್ಟಾದರೂ ಬರುವುದು ಊನ ‘ಸೇವೆಯಿಂದಲೇ ಬಂದದ್ದು’ ಎಂದು ಒಪ್ಪಿದಾಗ. ಸೇರುವಾಗ ಗಟ್ಟಿಮುಟ್ಟಾಗಿದ್ದವನಿಗೆ ಆಮೇಲೆ ಬಂದ ಊನ ಸೇವೆಯದ್ದೇ ಎಂದು ತಿಳಿಯಬೇಕು, ಅಲ್ಲವೆನ್ನುವವರೇ ಸಾಬೀತು ಮಾಡಲಿ ಎಂದು 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಯೋಧರ ಮೇಲೆ ಮೇಲ್ಮನವಿ ಹಾಕುವ ಚಾಳಿ ಬಿಡಿ ಎಂದು ರಕ್ಷಣಾ ಸಚಿವಾಲಯವೇ 2015ರಲ್ಲಿ ನೇಮಿಸಿದ ತಜ್ಞರ ಸಮಿತಿಯೂ ಹೇಳಿತು. ಚಾಳಿ ಬಿಡಲಿಲ್ಲ. 2018 ಊನಗೊಂಡ ಯೋಧರ ವರ್ಷವೆಂದು ಸೇನೆ ಸಾರಿತು. ಮರುವರ್ಷದ ಜೂನ್‌ನಲ್ಲೇ, ಊನವಾದ ಮೇಲೂ ಸೇವೆ ಮುಗಿಸಿ ನಿವೃತ್ತರಾದವರ ಅಂಗವೈಕಲ್ಯ ಪಿಂಚಣಿಗೆ ತೆರಿಗೆ ವಿನಾಯಿತಿ ಇಲ್ಲವೆಂದು ಸುತ್ತೋಲೆ ಬಂತು. ಎಂಥ ಉಡುಗೊರೆ!

ಇನ್ನು ನಾಲ್ಕು ವರ್ಷದ ಸೇವೆಗೆ ಭರ್ತಿಯಾಗುವ ಅಗ್ನಿವೀರರು. ಪೂರ್ತಿ ಊನವಾದರೆ ಒಂದೇ ಗಂಟಿನಲ್ಲಿ 44 ಲಕ್ಷ, ನಾಲ್ಕು ವರ್ಷದಲ್ಲಿ ಉಳಿದ ಅವಧಿಯ ಸಂಬಳ, ಸೇವಾನಿಧಿ. ತಿಂಗಳ ಪಿಂಚಣಿ ಇಲ್ಲ. ಇಪ್ಪತ್ತೊಂದರ ಹುಡುಗ ನಲವತ್ತು ವರ್ಷ ಹಾಸಿಗೆಯಲ್ಲಿ ಬದುಕಿದರೆ, ಬಡ್ಡಿ ಬಿಟ್ಟು, ಆ 44 ಲಕ್ಷ ತಿಂಗಳಿಗೆ ಒಂಬತ್ತು ಸಾವಿರ ಚಿಲ್ಲರೆ. ಲೆಕ್ಕ ಹಾಕಿದವರ ಮಕ್ಕಳು ಈ ಭರ್ತಿಯ ಸಾಲಿನಲ್ಲಿ ನಿಂತಿರುವುದಿಲ್ಲ. ನಿಂತವರು ಮಳೆ ನಂಬಿದ ಎರಡೆಕರೆಯವರ ಮಕ್ಕಳು.

ಇರಾಕ್, ಅಫ್ಘಾನಿಸ್ತಾನಗಳನ್ನು ಸುಟ್ಟ ಅಮೆರಿಕವನ್ನು ಹೊಗಳಲು ನನಗೆ ನಾಲಿಗೆ ಏಳುವುದಿಲ್ಲ. ಆದರೂ ಅಲ್ಲಿ 2010ರ ಕಾಯ್ದೆಯ ಪ್ರಕಾರ ತೀವ್ರವಾಗಿ ಗಾಯಗೊಂಡ ಮಗನನ್ನು ನೋಡಿಕೊಳ್ಳುವ ತಾಯಿಗೆ ಅವಳ ಹೆಸರಿಗೇ ತಿಂಗಳ ಭತ್ಯೆ, ವಿಮೆ ಇಲ್ಲದಿದ್ದರೆ ವಿಮೆ, ಅವಳು ಉಸಿರಾಡಲೆಂದು ವರ್ಷಕ್ಕೆ ಕನಿಷ್ಠ 30 ದಿನ ಬದಲಿ ಆರೈಕೆ. ನಮ್ಮಲ್ಲಿ 1974ರಲ್ಲಿ ತೆರೆದ ಪುಣೆ ಖಡ್ಕಿಯ ಪಾರ್ಶ್ವವಾಯು ಪುನರ್ವಸತಿ ಕೇಂದ್ರವಿದೆ, ಮೊಹಾಲಿಯಲ್ಲೊಂದಿದೆ. ಒಳ್ಳೆಯ ಕೆಲಸವನ್ನೇ ಮಾಡುತ್ತಿವೆ. ಇಷ್ಟು ದೊಡ್ಡ ಸೇನೆಗೆ ಅಷ್ಟು ಸಾಕೇ? ಎಪ್ಪತ್ತು ದಾಟಿದ ಅವ್ವನ ಎದೆಯೊಳಗೆ ಇರುವುದು ಒಂದೇ ಮಾತು: ನಾ ಸತ್ತ ಮ್ಯಾಲ ಇವನ್ನ ಯಾರು ನೋಡ್ತಾರ? ಮಗ ತನಗಿಂತ ಮೊದಲೇ ಹೋಗಲಿ ಎಂದು ದೇವರಲ್ಲಿ ಬೇಡುವ ಸ್ಥಿತಿಗೆ ಹೆತ್ತವಳನ್ನು ತಂದಿಟ್ಟದ್ದು ಶತ್ರುವಿನ ಗುಂಡಲ್ಲ, ನಮ್ಮ ಬಜೆಟ್ಟು.

ಅವಳ ಖಾತೆಗೆ ಸಂಬಳ ಹಾಕಿ. ತಾಲೂಕಿಗೊಬ್ಬರಂತೆ ತರಬೇತಾದ ಬದಲಿ ಆಳು ಕೊಡಿ. ಅವಳ ನಂತರ ಮಗನಿಗೆ ಹಾಸಿಗೆ ಎಲ್ಲಿ ಎಂಬುದನ್ನು ಈಗಲೇ ಬರೆದುಕೊಡಿ. ಆಗಸ್ಟ್ 15ಕ್ಕೆ ಶಾಲು, ಹಣ್ಣಿನ ಬುಟ್ಟಿ ಹಿಡಿದು ‘ವೀರಮಾತೆ’ಯನ್ನು ವೇದಿಕೆಗೆ ಕರೆಯಲು ಬರುತ್ತೀರಲ್ಲ, ಮಂತ್ರಿಗಳ ಭಾಷಣ ಮುಗಿಯುವವರೆಗೆ ಅವಳ ಮಗನ ಮಗ್ಗುಲು ಬದಲಿಸಲು ನಿಮ್ಮಲ್ಲಿ ಯಾರು ಮನೆಯಲ್ಲಿ ನಿಲ್ಲುತ್ತೀರಿ?